ಮಹಡಿಮನೆಯ ನಲ್ಲಿ

ಬೆಳಗ್ಗೆ ಮಹಡಿಯಲ್ಲಿ ಬಾಡಿಗೆಗಿದ್ದ ಡ್ರಿಲ್ ಮೇಡಂ ಮೆಟ್ಟಿಲಿಳಿಯುತ್ತಾ ಆಡಿದ್ದು ಒಂದೇ ಮಾತು. "ಬಚ್ಚಲುಮನೆ ನಲ್ಲಿ ತೊಟ್ಟಿಕ್ತಾ ಇದೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ." ಅಷ್ಟು ಹೇಳಿ, ಕೊರಳಿನ ಸೀಟಿಯನ್ನು ಸರಿಮಾಡಿಕೊಂಡು, ಅತ್ತಿತ್ತ ನೋಡದೆ ಶಾಲೆಗೆ ಹೊರಟುಹೋದರು. ಕೆಳಮನೆಯ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಗಡಿಯಾರದವರ ಲೋಟ ಬಾಯಿ ಸೇರದೆ ಅರ್ಧದಲ್ಲೇ ನಿಂತಿತು.

ವಾಚು ರಿಪೇರಿ ಮಾಡುತ್ತಲೇ ತಲೆ ನರೆತ ಆ ಮನುಷ್ಯರನ್ನು ಬೀದಿಯೆಲ್ಲ ಗಡಿಯಾರದವರು ಎಂದೇ ಕರೆಯುತ್ತಿತ್ತು. ಈಗ ವಾಚು ಕಟ್ಟುವವರೇ ಕಡಿಮೆ, ಕೆಟ್ಟರೆ ರಿಪೇರಿಗೆ ತರುವವರು ಇನ್ನೂ ಕಡಿಮೆ. ಅಂಗಡಿ ಮುಚ್ಚಿದ ಮೇಲೆ ಗಂಡಹೆಂಡಿರ ಹೊಟ್ಟೆ ತುಂಬಿಸುತ್ತಿದ್ದದ್ದು ಮಹಡಿಯ ಬಾಡಿಗೆ. ಕೋರ್ಟು ಕಚೇರಿ ಎಂದರೆ ಅವರಿಗೆ ಹುಟ್ಟಿನಿಂದಲೂ ನಡುಕ. ಖಾಕಿ ಅಂಗಿಯ ಪೋಸ್ಟ್‌ಮ್ಯಾನ್ ಬಾಗಿಲು ಬಡಿದರೂ ಮೊದಲು ಹೆಂಡತಿಯನ್ನು ಮುಂದೆ ಕಳಿಸುವವರು. ಅಂಥವರ ಪಾಲಿಗೆ ಹೊಸ ಬಾಡಿಗೆ ಕಾನೂನು ಬಂದಿತ್ತು.

ಬಂದ ಕಾನೂನನ್ನು ಮನೆ ಬಾಗಿಲಿಗೆ ತಂದು ಸುರಿದವರು ಪಕ್ಕದ ಮನೆಯ ಸೆಕ್ಷನ್ ಮಾವ. ಅವರು ಜೀವಮಾನವಿಡೀ ವಕೀಲರೊಬ್ಬರ ಗುಮಾಸ್ತರಾಗಿದ್ದವರು. ಮೇಡಂ ಜೊತೆಗಿನ ಕರಾರುಪತ್ರವನ್ನು ಬರೆದುಕೊಟ್ಟದ್ದೂ ಅವರೇ. ಆ ಪತ್ರವನ್ನು ಗಡಿಯಾರದವರು ಓದಿರಲಿಲ್ಲ. ಓದಿದರೆ ಭಯವಾದೀತೆಂದು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ್ದರು.

ಸೆಕ್ಷನ್ ಮಾವ ಕಾಂಪೌಂಡ್ ಗೋಡೆಯ ಮೇಲಿಂದ ಕತ್ತು ಚಾಚಿದರು. "ಮೇಡಂ ತಿಳಿಸಿಬಿಟ್ಟರಾ? ಹಾಗಾದ್ರೆ ಮುಗೀತು. ತಿಳಿಸಿದ ಮೇಲೂ ರಿಪೇರಿ ಮಾಡಿಸದೆ ಕೂತ್ರೆ ಬಾಡಿಗೆ ಕಚೇರಿಗೆ ದೂರು ಹೋಗುತ್ತೆ."

ಈಗಲೇ ಹೋಗಿ ಸರಿಮಾಡಿಬಿಡುತ್ತೇನೆಂದು ಗಡಿಯಾರದವರು ಎದ್ದರು. ಮಾವ ಅವರನ್ನು ಅಲ್ಲೇ ಕೂರಿಸಿದರು. ಹಿಂದಿನ ದಿನವೇ ನೋಟಿಸ್ ಕೊಡದೆ ಬಾಡಿಗೆದಾರರ ಮನೆಯೊಳಗೆ ಮಾಲೀಕ ಕಾಲಿಡುವಂತಿಲ್ಲ. ಇನ್ನು ನೀರನ್ನೋ ಕರೆಂಟನ್ನೋ ನಿಲ್ಲಿಸಿದರಂತೂ ನೇರವಾಗಿ ಕೇಸು.

"ಮಾಡದಿದ್ರೂ ತಪ್ಪು, ಮಾಡೋಕೆ ಹೋದ್ರೂ ತಪ್ಪಾ?" ಗಡಿಯಾರದವರ ಧ್ವನಿ ಕೀರಲಾಯಿತು.

"ಅದಕ್ಕೇ ಅದನ್ನ ಕಾನೂನು ಅನ್ನೋದು," ಎಂದು ಮಾವ ತೃಪ್ತಿಯಿಂದ ತಿಂಡಿಗೆ ಹೋದರು.

ಸಂಜೆ ಮೇಡಂ ಬಂದ ಮೇಲೆ ಒಂದು ಮಾತು ಕೇಳಿದರಾಯಿತು ಎಂದು ಹೆಂಡತಿ ಹೇಳಿದಳು. ಆದರೆ ಭಯ ಹೊಕ್ಕ ತಲೆಗೆ ಬುದ್ಧಿಮಾತು ಇಳಿಯುವುದುಂಟೇ? ಮೇಡಂ ಶಾಲೆ ಬಿಟ್ಟು ನೇರ ಆ ಕಚೇರಿಗೇ ಹೋಗುವಂತೆ, ಖಾಕಿಯವರು ಮಹಡಿಗೆ ಬೀಗ ಜಡಿಯುವಂತೆ ಅವರ ಕಣ್ಣಿಗೆ ಕಟ್ಟಿತು. ಪ್ಲಂಬರ್‌ಗೆ ಫೋನ್ ಮಾಡಿದರೆ ಅವನು ನಾಳೆ ನೋಡೋಣ ಎಂದ. ನಾಳೆಯವರೆಗೆ ತಾನು ಬದುಕಿರುತ್ತೇನೆಂಬ ನಂಬಿಕೆ ಗಡಿಯಾರದವರಿಗಿರಲಿಲ್ಲ.

ಕರಾರಿನ ದಿನ ಕೀಲಿಗಳನ್ನೆಲ್ಲ ಮೇಡಂ ಕೈಗೆ ಒಪ್ಪಿಸಿದ್ದರೂ ಒಂದನ್ನು ಮಾತ್ರ ಕೆಟ್ಟ ಗೋಡೆ ಗಡಿಯಾರದ ಹೊಟ್ಟೆಯಲ್ಲಿ ಉಳಿಸಿಕೊಂಡಿದ್ದರು. ಅದನ್ನು ತೆಗೆದರು. ಸೈಕಲ್ ಅಂಗಡಿಯವನಿಂದ ದೊಡ್ಡ ಸ್ಪ್ಯಾನರ್ ಕಡ ತಂದರು. ಏನಕ್ಕೆಂದು ಕೇಳಿದ್ದಕ್ಕೆ ಗಡಿಯಾರ ರಿಪೇರಿಗೆ ಎಂದರು. ಇಷ್ಟು ದೊಡ್ಡ ಸ್ಪ್ಯಾನರ್ ಹಿಡಿಯುವ ಗಡಿಯಾರವನ್ನು ಯಾರ ಕೈಗೆ ಕಟ್ಟುತ್ತಾರೋ ಎಂದು ಅವನು ಬಹಳ ಹೊತ್ತು ಯೋಚಿಸುತ್ತಾ ನಿಂತಿದ್ದ.

ಮಧ್ಯಾಹ್ನದ ಊಟವಾಗಿ ಹೆಂಡತಿ ಮಲಗಿದ್ದೇ ತಡ, ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲೇರಿದರು. ತಾವೇ ಕಟ್ಟಿಸಿದ ಮನೆ. ಆದರೂ ಕೀಲಿ ತಿರುಗಿಸುವ ಮೊದಲು ಬೀದಿಯ ಎರಡೂ ತುದಿ ನೋಡಿಕೊಂಡರು. ಹೊರಬಾಗಿಲನ್ನು ಮುಂದಕ್ಕೆಳೆದು ಬಚ್ಚಲಿಗೆ ಬಂದು ಅದರ ಬಾಗಿಲನ್ನೂ ಮುಚ್ಚಿಕೊಂಡರು. ವಾಲ್ವ್ ಮುಚ್ಚಿ ಕೆಲಸ ಶುರುಮಾಡಬೇಕೆಂದು ಅವರಿಗೂ ಗೊತ್ತಿತ್ತು. ಆದರೆ ನೀರು ನಿಲ್ಲಿಸಿದರೆ ಕೇಸಲ್ಲವೇ? ಹಾಗೆಯೇ ಸ್ಪ್ಯಾನರ್ ಹಾಕಿ, ದೇವರನ್ನು ನೆನೆದು ತಿರುಗಿಸಿದರು. ಸೂಕ್ಷ್ಮ ತಿರುಪು ತಿರುಗಿಸಿ ರೂಢಿಯಾದ ಕೈಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ನಲ್ಲಿಯ ಜೊತೆ ಗೋಡೆಯ ಪೈಪಿನ ತುಂಡೂ ಮುರಿದು ಕೈಗೆ ಬಂತು. ನೀರು ಮುಖಕ್ಕೇ ರಾಚಿತು. ಗಾಬರಿಯಲ್ಲಿ ಹೆಬ್ಬೆರಳನ್ನು ಪೈಪಿನ ಬಾಯಿಗೆ ತುರುಕಿದರು. ನೀರೇನೋ ನಿಂತಿತು, ಆದರೆ ಅವರೂ ಅಲ್ಲೇ ನಿಂತರು.

ಆಗ ಹೊರಬಾಗಿಲು ಕಿರ್ರೆಂದಿತು. ಮೇಡಂ ಇಂದು ಬೇಗ ಬಂದಿದ್ದರು.

ಬೀಗ ತೆಗೆದಿದ್ದ ಬಾಗಿಲು ಕಂಡು ಮೇಡಂ ಒಂದು ಕ್ಷಣ ನಿಂತರು. ಹೆಜ್ಜೆ ಮೆಲ್ಲಗೆ ಬಚ್ಚಲಿನವರೆಗೆ ಬಂತು. ಬಚ್ಚಲ ಬಾಗಿಲ ಹೊರಗಿನ ಚಿಲಕ ಟಪ್ಪೆಂದು ಬಿತ್ತು. ಮರುಕ್ಷಣವೇ ಕಿಟಕಿಯಿಂದ ಬೀದಿಗೆಲ್ಲ ಕೇಳುವಂತೆ ಸೀಟಿ ಮೊಳಗಿತು.

ಜನ ಸೇರುವುದಕ್ಕೆ ಎಷ್ಟು ಹೊತ್ತು? ಸೈಕಲ್ ಅಂಗಡಿಯವನು ಪಂಪು ಹಿಡಿದು ಓಡಿಬಂದ. ಸೆಕ್ಷನ್ ಮಾವ ಬರಿಗೈಯಲ್ಲಿ ಬಂದರು, ಅವರಿಗೆ ಬಾಯಿಯೇ ಸಾಕಿತ್ತು. ಒಳಗಿರುವ ಕಳ್ಳನಿಗೆ ಬಾಗಿಲ ಸಂದಿಯಿಂದಲೇ ಕಾನೂನು ತಿಳಿಸಿಕೊಡಲು ಆರಂಭಿಸಿದರು.

ಕೂಗಿ ಹೇಳಿದರೆ ಮಾಲೀಕನಾಗಿ ಸಿಕ್ಕಿಬೀಳಬೇಕು, ಸುಮ್ಮನಿದ್ದರೆ ಕಳ್ಳನಾಗಿ ಒದೆ ತಿನ್ನಬೇಕು. ಯಾವುದು ವಾಸಿ ಎಂದು ಗಡಿಯಾರದವರು ಒದ್ದೆಯಾಗಿ ನಡುಗುತ್ತಾ ಯೋಚಿಸುತ್ತಿದ್ದಾಗಲೇ ಮಾವನ ಮಾತು ಕೇಳಿಸಿತು. "ಕಳ್ಳನಾದ್ರೆ ಹೇಗೋ ಬೇಲ್ ಸಿಗುತ್ತೆ ಬಿಡಿ. ಮಾಲೀಕ ಏನಾದ್ರೂ ಹೀಗೆ ನುಗ್ಗಿದ್ರೆ ಅವನ ಕತೆ ಮುಗೀತಿತ್ತು."

ಗಡಿಯಾರದವರು ಕಳ್ಳನಾಗಲು ತೀರ್ಮಾನಿಸಿದರು. ತಣ್ಣೀರಿನಲ್ಲಿ ನೆನೆದ ಮೂಗು ಮಾತ್ರ ಆ ತೀರ್ಮಾನಕ್ಕೆ ಒಪ್ಪಲಿಲ್ಲ. ಮೇಲಿಂದ ಮೇಲೆ ಸೀನು ಬಂತು.

"ಅಯ್ಯೋ, ಇದು ನಮ್ಮನೆಯವರ ಸೀನು," ಎಂದಳು ಗದ್ದಲಕ್ಕೆ ಎದ್ದುಬಂದಿದ್ದ ಹೆಂಡತಿ.

ಚಿಲಕ ತೆಗೆದರು. ಪೈಪಿಗೆ ಬೆರಳಿಟ್ಟು, ನೀರು ಸುರಿಸಿಕೊಂಡು, ಇಂಗು ತಿಂದ ಮಂಗನ ಮುಖ ಮಾಡಿ ನಿಂತಿದ್ದ ಮಾಲೀಕರನ್ನು ಮೇಡಂ ಅಡಿಯಿಂದ ಮುಡಿಯವರೆಗೆ ನೋಡಿದರು. ದೂರು ಕೊಡಬೇಡಿ, ನಾನು ಕೋರ್ಟು ನೋಡಿದವನಲ್ಲ ಎಂದು ಗಡಿಯಾರದವರು ಅತ್ತೇಬಿಟ್ಟರು.

ಮೇಡಂ ಕೈಚೀಲದಿಂದ ಹೊಸ ವಾಷರ್ ಒಂದನ್ನು ತೆಗೆದು ತೋರಿಸಿದರು. "ಯಾವ ದೂರು? ನಲ್ಲಿಗೆ ವಾಷರ್ ಹಾಕಿಸೋದು ಬಾಡಿಗೆದಾರರ ಕೆಲಸ ಅಂತ ಕರಾರಲ್ಲೇ ಇದೆಯಲ್ಲ. ಅದಕ್ಕೇ ಬೇಗ ಬಂದೆ. ಸ್ವಲ್ಪ ಹೊತ್ತು ವಾಲ್ವ್ ಮುಚ್ಚಬೇಕು, ಮೊದಲೇ ಗೊತ್ತಿರಲಿ ಅಂತ ಬೆಳಗ್ಗೆ ಹೇಳಿದ್ದು."

ಎಲ್ಲರೂ ಸೆಕ್ಷನ್ ಮಾವನತ್ತ ತಿರುಗಿದರು. ಕರಾರು ಬರೆದ ಮಹಾನುಭಾವರು ಗಂಟಲು ಸರಿಮಾಡಿಕೊಂಡರು. "ಹೌದೌದು, ಈಗ ನೆನಪಾಯ್ತು. ನಲ್ಲಿ ಬಾಡಿಗೆದಾರರದು. ಆದರೆ ಪೈಪು ಮಾಲೀಕರದು."

ಮೇಡಂ ತಾವೇ ಹೋಗಿ ವಾಲ್ವ್ ಮುಚ್ಚಿ ಬಂದರು. ಬಂದವರು ಅಂಗೈ ಚಾಚಿದರು. ಗಡಿಯಾರದವರು ಕೀಲಿಯನ್ನು ಅದರ ಮೇಲಿಟ್ಟರು. ಪೈಪು ಹಾಕಿಸಲು ಇಂದೇ ನೋಟಿಸ್ ಕೊಟ್ಟು ನಾಳೆ ಬನ್ನಿ, ಅಲ್ಲಿಯವರೆಗೆ ನನ್ನ ಸ್ನಾನ ನಿಮ್ಮ ಬಚ್ಚಲಲ್ಲೇ ಎಂದರು ಮೇಡಂ.

ಗಡಿಯಾರದವರು ಮಾವನ ಕಿವಿಯಲ್ಲಿ ಆಸೆಯಿಂದ ಪಿಸುಗುಟ್ಟಿದರು. "ನಮ್ಮನೆಗೆ ಬರೋಕೆ ಅವರೂ ನೋಟಿಸ್ ಕೊಡಬೇಕಲ್ವಾ?"

"ಹಾಗಂತ ಎಲ್ಲೂ ಬರೆದಿಲ್ಲ," ಎಂದರು ಮಾವ.

ಜನ ಚದುರುತ್ತಿದ್ದಂತೆಯೇ ಮೇಡಂ ಟವೆಲ್ ಹಿಡಿದು ಕೆಳಗಿಳಿದು ಬಂದರು. ಒದ್ದೆ ಬಟ್ಟೆ ಬದಲಿಸಲೂ ಜಾಗ ಸಿಗದೆ ಗಡಿಯಾರದವರು ತಮ್ಮ ಮನೆಯ ಹೊರಗೆ ಮೆಟ್ಟಿಲ ಮೇಲೆ ಕೂತರು. ಏನಾದರಾಗಲಿ, ದೂರು ತಪ್ಪಿತಲ್ಲ ಎಂದು ಬೆಳಗ್ಗಿನಿಂದ ಮೊದಲ ಬಾರಿಗೆ ನೆಮ್ಮದಿಯ ಉಸಿರು ಬಿಟ್ಟರು. ಬಚ್ಚಲ ಬಾಗಿಲು ತೆರೆಯಿತು. ಮೇಡಂ ತಲೆ ಒರೆಸಿಕೊಳ್ಳುತ್ತಾ ಹೊರಬಂದರು.

"ನಿಮ್ಮ ನಲ್ಲೀನೂ ತೊಟ್ಟಿಕ್ತಾ ಇದೆ," ಎಂದರು. "ಗೊತ್ತಿರಲಿ ಅಂತ ಹೇಳಿದೆ."

ಕಾಂಪೌಂಡ್ ಗೋಡೆಯ ಮೇಲೆ ಸೆಕ್ಷನ್ ಮಾವನ ಕತ್ತು ಮೆಲ್ಲಗೆ ಮೇಲೆದ್ದಿತು.