ಪರ್ಸಿಯ ಮೇಲಿನ ಖಾಲಿ ಸಾಲು

ನಮ್ಮ ಮಾಮಾನ ಮನೆಯಲ್ಲಿ ಊಟಕ್ಕೆ ಕೂರಲು ಹಸಿವು ಸಾಲದು, ಅಂಕಪಟ್ಟಿಯೂ ಬೇಕು ಎಂದರೆ ನೀವು ನಂಬಲಿಕ್ಕಿಲ್ಲ. ಮೊದಲ ಬಿಸಿ ರೊಟ್ಟಿ ಎಂ.ಟೆಕ್ಕಿಗೆ, ಅಂದರೆ ಸ್ವತಃ ಅವನಿಗೆ. ಎರಡನೆಯದು ಎಂ.ಎ. ಓದಿದ ನನ್ನ ತಂಗಿಗೆ. ಬರೀ ಬಿ.ಕಾಂ. ಆದ ನನಗೆ ಆಮೇಲೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಶರಣಮ್ಮ ಅತ್ತೆಗೆ ಕೊನೆಯದು. ರೊಟ್ಟಿ ಬಡಿಯುವವಳೇ ಅವಳಾದ್ದರಿಂದ ಹೇಗಿದ್ದರೂ ಕೊನೆಗೇ ಉಣ್ಣುತ್ತಾಳೆ, ನಿಯಮಕ್ಕೆ ಭಂಗವಿಲ್ಲ!

ಈ ಗೀಳು ಹತ್ತಿದ್ದು ಸರ್ಕಾರದ ಒಂದು ಸಾಲಿನಿಂದ. ಡಿಪ್ಲೊಮಾ ಮುಗಿಸಿದ ಮಾಮಾ ಜೂನಿಯರ್ ಎಂಜಿನಿಯರ್ ಹುದ್ದೆಗೆ ಪರೀಕ್ಷೆ ಬರೆದಿದ್ದ. ಉಳಿದ ಒಂದೇ ಹುದ್ದೆಗೆ ಇವನೂ ಸೇಡಂ ಕಡೆಯ ಒಬ್ಬನೂ ಸಮ ಅಂಕ ತೆಗೆದು ನಿಂತರು. ಅಧಿಸೂಚನೆಯ ಕೊನೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ‘ಅಂಕಗಳು ಸಮನಾದಲ್ಲಿ ಹೆಚ್ಚಿನ ವಿದ್ಯಾರ್ಹತೆಗೆ ಆದ್ಯತೆ’ ಎಂದಿತ್ತು. ಸೇಡಂನವನದು ಬಿ.ಇ. ಆಗಿತ್ತು. ಹುದ್ದೆ ಅವನಿಗೆ ಹೋಯಿತು.

ಮಾಮಾ ಹಟ ಹಿಡಿದು ಬಿ.ಇ. ಮಾಡಿದ. ಮುಂದಿನ ನೇಮಕಾತಿಯಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದವು. ಬೇರೆಯವರಾಗಿದ್ದರೆ ಅಂಕ ಹೆಚ್ಚಿಸಿಕೊಳ್ಳಲು ನೋಡುತ್ತಿದ್ದರು. ಇವನು ಎಂ.ಟೆಕ್‌ಗೆ ಸೇರಿದ!

“ನಾಲ್ಕು ಅಂಕಕ್ಕೂ ಎಂ.ಟೆಕ್ಕಿಗೂ ಏನ್ ಸಂಬಂಧ ಮಾಮಾ?” ಎಂದು ಕೇಳಿದೆ.

“ಮುಂದಿನ ಸಲ ಯಾರರ ಸಮ ಬಂದ್ರ? ತಯಾರಿ ಬ್ಯಾಡೇನು?” ಎಂದ.

ಅಲ್ಲಿಂದ ಮುಂದೆ ಆ ಸಾಲೇ ಅವನ ಬಾಳಿನ ಕಾನೂನಾಯಿತು. ವಾಡಿಯಲ್ಲಿ ಅಣ್ಣ ತಮ್ಮ ಸೇರಿ ನಡೆಸುವ ಒಂದು ಕಟಿಂಗ್ ಅಂಗಡಿಯಿದೆ. ಒಮ್ಮೆ ಕುರ್ಚಿಯಲ್ಲಿ ಕೂತವನೇ, “ಇಬ್ಬರೊಳಗ ಹೆಚ್ಚು ಓದಿದವ್ರು ಯಾರ್ರಿ?” ಎಂದು ಕೇಳಿದ.

“ನಾನ್ರಿ, ಬಿ.ಎ. ಪಾಸ್. ನಮ್ಮ ಅಣ್ಣ ಸಾಲಿ ಕಟ್ಟಿನೂ ಹತ್ತಿಲ್ಲ,” ಎಂದ ತಮ್ಮ.

“ಹಂಗಾರ ನೀವೇ ಮಾಡ್ರಿ.”

“ನಾ ನಿನ್ನೆನೇ ಕತ್ರಿ ಹಿಡದೀನ್ರಿ.”

“ಇರ್ಲಿ ತಗೋರಿ, ಆದ್ಯತೆ ಆದ್ಯತೆನೇ.”

ಆಮೇಲೆ ಮೂರು ವಾರ ಮಾಮಾ ಟೋಪಿ ಹಾಕಿಕೊಂಡೇ ಓಡಾಡಿದ.

ಬಚ್ಚಲಿಗೆ ಪರ್ಸಿ ಹಾಸುವಾಗಲೂ ಇದೇ ಕತೆ. ಪರ್ಸಿಯೆಂದರೆ ನಮ್ಮ ಕಡೆಯ ಹಾಸುಗಲ್ಲು. ರಾವೂರದಿಂದ ಬಂದ ಗೌಂಡಿ, “ಇಳಿಜಾರ ಈ ಕಡಿ ಇರಬೇಕ್ರಿ ಸಾಹೇಬ್ರ,” ಎಂದ. ಮಾಮಾ ಅವನ ವಿದ್ಯಾರ್ಹತೆ ವಿಚಾರಿಸಿ, ತನ್ನ ನಕ್ಷೆಯಂತೆಯೇ ಹಾಕಿಸಿದ. ಮರುದಿನ ಸ್ನಾನದ ನೀರೆಲ್ಲ ನೆಟ್ಟಗೆ ಅಡಿಗೆಮನೆಗೆ ಬಂತು. ಅತ್ತೆ ಸೀರೆ ಎತ್ತಿಕಟ್ಟಿ ನೀರು ಬಳಿಯುತ್ತ, “ನಿಮ್ಮ ಡಿಗ್ರಿ ಪಾಪ ನೀರಿಗಿ ಯಾರೂ ಹೇಳಿಲ್ಲ ಕಾಣಸ್ತದ,” ಎಂದಳು.

ಇನ್ನು ಮನೆಯ ನಾಮಫಲಕದ ಕತೆ. ಶಹಾಬಾದಿನಲ್ಲಿ ಒಂದು ದೊಡ್ಡ ಪರ್ಸಿಯ ಮೇಲೆ ಮಾಮಾ ತನ್ನ ಹೆಸರು ಕೆತ್ತಿಸಿದ್ದ. ಹೆಸರಿನ ಕೆಳಗೆ ಡಿಪ್ಲೊಮಾ, ಬಿ.ಇ., ಎಂ.ಟೆಕ್. ಹೆಸರಿನ ಮೇಲೆ ಮಾತ್ರ ಒಂದು ಸಾಲು ಖಾಲಿ. “ನೌಕರಿ ಆದ ಮ್ಯಾಲ ಕೆತ್ತಸ್ತೀನಿ,” ಎನ್ನುತ್ತಿದ್ದ. ಅದು ಹುದ್ದೆಯ ಹೆಸರಿಗೆ ಎಂದುಕೊಂಡೆವು. ಆ ಕಲ್ಲು ವರ್ಷಗಟ್ಟಲೆ ಅಂಗಳದಲ್ಲಿ ಗೋಡೆಗೆ ಒರಗಿ ನಿಂತಿತ್ತು. ಅತ್ತೆ ಅಂಗಡಿಗಳಿಗೆ ಗರಿಗರಿ ಕಟಕ ರೊಟ್ಟಿ ಮಾಡಿ ಕೊಡುತ್ತಿದ್ದಳು. ಅವನ್ನು ಒಣಗಿಸಲು ಆ ಕಲ್ಲಿಗೇ ಆನಿಸಿ ಇಡುತ್ತಿದ್ದಳು.

“ಎಂ.ಟೆಕ್ ಮ್ಯಾಲ ರೊಟ್ಟಿ ಒಣಗಸ್ತಿಯಲ್ಲ, ಬುದ್ಧಿ ಅದ ಏನ್ ನಿನಗ?” ಎಂದು ಮಾಮಾ ರೇಗುತ್ತಿದ್ದ.

“ಈ ರೊಟ್ಟಿ ಒಣಗಿದ್ದಕ್ಕೇ ಎಂ.ಟೆಕ್ ಆಗ್ಯಾದಲ್ರಿ,” ಎನ್ನುತ್ತಿದ್ದಳು ಅವಳು, ತಲೆ ಎತ್ತದೆ. ಮಾಮಾ ಒಳಗೆ ಹೋಗುತ್ತಿದ್ದ. ಅವನ ಎಲ್ಲ ಫೀಸೂ ಅವಳ ಹಂಚಿನ ಮೇಲೇ ಬೆಂದದ್ದು ಎಂಬುದು ಓಣಿಗೆಲ್ಲ ಗೊತ್ತಿತ್ತು.

ಈಚೆಗೆ ಮತ್ತೆ ನೇಮಕಾತಿ ಬಂತು. ವಯಸ್ಸು ಮೀರುತ್ತಿದ್ದುದರಿಂದ ಇದೇ ಕೊನೆಯ ಸಲ. ಮಾಮಾ ಊಟ ಬಿಟ್ಟು ಓದಿದ. ಕೊನೆಗೆ ದಾಖಲೆ ತೋರಿಸಿ ಬಂದ ದಿನ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ. ಅತ್ತೆಯ ಕೈ ಹಿಟ್ಟಿನಲ್ಲೇ ನಿಂತಿತು.

“ಆಗ್ಲಿಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದಳು.

“ಆತು. ಚಿಂಚೋಳಿಗಿ ಹಾಕ್ಯಾರ. ಆದ್ರ ನನ್ನ ಸಮ ಯಾರೂ ಬರ್ಲೇ ಇಲ್ಲ. ಎಂ.ಟೆಕ್ ಸರ್ಟಿಫಿಕೇಟ್ ಕೊಟ್ರ, ಇದು ಬ್ಯಾಡ್ರಿ, ಡಿಪ್ಲೊಮಾ ಸಾಕು ಅಂದ್ರು!”

ಅತ್ತೆ ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಳು.

ಹೋದ ರವಿವಾರ ಹೋಗಿದ್ದೆ. ಕಲ್ಲು ಬಾಗಿಲ ಪಕ್ಕದ ಗೋಡೆಗೆ ಏರಿತ್ತು. ಖಾಲಿ ಸಾಲು ತುಂಬಿತ್ತು. ಆದರೆ ಅಲ್ಲಿ ಹುದ್ದೆಯ ಹೆಸರಿರಲಿಲ್ಲ. ‘ಶರಣಮ್ಮ, ಏಳನೇ ಇಯತ್ತೆ’ ಎಂದಿತ್ತು. ಅದರ ಕೆಳಗೆ ಮಾಮಾ, ಅವನ ಕೆಳಗೆ ಅವನ ಡಿಗ್ರಿಗಳು.

“ಮಾಮಾ, ಆದ್ಯತೆ ನಿಯಮ ಏನಾತು?” ಎಂದೆ.

“ನಿಯಮ ಅದೇ ಅದ. ಹೆಚ್ಚಿನ ಅರ್ಹತೆ ಯಾವ್ದಂತ ನಾ ಓದಿದ್ದು ತಡ ಆತು,” ಎಂದ. ಹಾಗೆಂದವನೇ ಒಳಗೆ ಹೋಗಿ ಒಲೆಯ ಮುಂದೆ ಕೂತು, ಚಿಂಚೋಳಿ ತಾಲೂಕಿನ ನಕಾಶೆಯಂಥ ಒಂದು ರೊಟ್ಟಿ ಬಡಿದು, ಅತ್ತೆಯ ತಾಟಿಗೆ ಹಾಕಿದ.

ಮೊದಲ ರೊಟ್ಟಿ. ಹಬೆಯಾಡುತ್ತಿತ್ತು. ಇಷ್ಟು ವರ್ಷ ಕೊನೆಗೇ, ತಣ್ಣಗಾದದ್ದನ್ನೇ ಉಂಡ ಅತ್ತೆಗೆ ಅದನ್ನು ಮುರಿಯಲು ಕೈ ಬರಲಿಲ್ಲ. ನಾವೆಲ್ಲ ಖಾಲಿ ತಾಟು ಮುಂದಿಟ್ಟುಕೊಂಡು, ಅವಳು ಮೊದಲ ತುತ್ತು ಉಣ್ಣುವವರೆಗೆ ಕಾದೆವು.