ಎಮ್ಮೆ, ಶೇರವಾನಿ ಮತ್ತು ನನ್ನ ಉಳಿತಾಯ

ದುಡ್ಡು ಉಳಿಸಬೇಕೆಂದು ಸೆರಗು ಬಿಗಿದು ನಿಂತ ಹೆಂಗಸಿನ ಮನೆಯಲ್ಲಿ ನಗೆಪಾಟಲು ತಪ್ಪಿದ್ದಲ್ಲ. ನಮ್ಮ ಮನೆಯಲ್ಲಂತೂ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಹೊಸ್ತಿಲು ದಾಟಿ ಒಳಗೆ ಬಂದಿರುತ್ತಿತ್ತು.

ಆಗ ನಿಜಾಮರ ಆಳಿಕೆ. ನಮ್ಮ ಮನೆಯವರು ಕಲಬುರಗಿಯ ಸರಕಾರಿ ಕಚೇರಿಯೊಂದರಲ್ಲಿ ಅಹಲಕಾರರು, ಅಂದರೆ ಗುಮಾಸ್ತರು. ಮೈಮೇಲೆ ಕರಿ ಶೇರವಾನಿ, ತಲೆಗೆ ರುಮಾಲು, ಮುಖಕ್ಕೆ ದಪ್ಪ ಮೀಸೆ. ಜಗತ್ ಪೇಟೆಯ ಕಡೆ ನಡೆದುಹೋದರೆ ಅಂಗಡಿಯವರು ಎದ್ದು ಸಲಾಮು ಹೊಡೆಯುತ್ತಿದ್ದರು. ಒಳಗೆ ಪಗಾರ ಮಾತ್ರ ತಿಂಗಳ ನಡುವಿನಲ್ಲೇ ಉಸಿರು ಬಿಡುತ್ತಿತ್ತು. ಮಕ್ಕಳು, ಮೊಣಕಾಲು ಹಿಡಿದುಕೊಂಡ ಅತ್ತೆ, ಬೀಸುವ ಕಲ್ಲು, ನೀರಿನ ಕೊಡ, ರೊಟ್ಟಿಯ ಹಂಚು ಇವಿಷ್ಟೂ ನನ್ನ ಪಾಲಿಗೆ. ಕೈ ಕೆಲಸ ಮಾಡುತ್ತಿದ್ದರೂ ತಲೆ ಒಂದೇ ಸಮನೆ ಯೋಚಿಸುತ್ತಿತ್ತು: ಇನ್ನು ಯಾವುದರಲ್ಲಿ ಉಳಿಸಲಿ?

ಕೆಂಡ ತರಲು ಹೋದವರು

ನಮ್ಮ ಓಣಿಯಲ್ಲಿ ಕಡ್ಡಿಪೆಟ್ಟಿಗೆ ಇಲ್ಲದ ಮನೆ ಇರಲಿಲ್ಲ. ಕಡ್ಡಿ ಗೀರುವ ಮನೆಯೂ ಇರಲಿಲ್ಲ. ಬೆಳಿಗ್ಗೆ ಎದ್ದು ಯಾರ ಮನೆಯಿಂದ ಹೊಗೆ ಏಳುತ್ತದೆ ಎಂದು ನೋಡುವುದು, ಒಡೆದ ಗಡಿಗೆಯ ಚೂರು ಹಿಡಿದು ಹೋಗಿ ಅವರ ಒಲೆಯಿಂದ ಎರಡು ಕೆಂಡ ತರುವುದು. ಯಾರು ಮೊದಲು ಏಳುತ್ತಾರೋ ಅವರ ಕಡ್ಡಿ ಖರ್ಚು. ಹೀಗಾಗಿ ನಮ್ಮ ಓಣಿ ದಿನದಿಂದ ದಿನಕ್ಕೆ ತಡವಾಗಿ ಏಳತೊಡಗಿತು.

ಒಂದು ದಿನ ಬಿಸಿಲು ಗೋಡೆ ಹತ್ತಿದರೂ ಎಲ್ಲಿಯೂ ಹೊಗೆ ಇಲ್ಲ. ನಾನು ಚೂರು ಹಿಡಿದು ಹೊರಬಿದ್ದೆ. ಎದುರಿನಿಂದ ಸಾವಕಾರರ ಹೆಂಡತಿಯೂ ಚೂರು ಹಿಡಿದು ಬರುತ್ತಿದ್ದಳು.

"ಅಕ್ಕಾರ, ನಿಮ್ಮನ್ಯಾಗ ಬೆಂಕಿ ಅದ ಏನ್ರಿ?"

"ಅಯ್ಯ, ನಾ ನಿಮ್ಮನಿಗೇ ಹೊಂಟಿದ್ದೆನಲ್ಲ!"

ಒಬ್ಬೊಬ್ಬರಾಗಿ ಓಣಿಯ ಹೆಂಗಸರೆಲ್ಲ ಚೂರು ಹಿಡಿದು ನಡುಬೀದಿಗೆ ಬಂದು ನಿಂತೆವು. ಮೂಲೆಮನೆಯ ಬೀಬಿಯೂ ಬಂದಳು. "ಅರೆ, ಎಲ್ಲಾರೂ ಇಲ್ಲೇ ನಿಂತೀರಿ. ಹಂಗಾದ್ರ ಬೆಂಕಿ ಎಲ್ಲದ?"

"ನಿಮ್ಮ ಕಡ್ಡಿಪೆಟ್ಟಿಗಿ ತರ್ರಿ ಬೀಬಿ," ಎಂದೆ.

"ತರ್ತಿದ್ದೆ. ಆದ್ರ ಕಡ್ಡಿ ಥಂಡಿ ಹಿಡದು ಮೆತ್ತಗಾಗ್ಯಾವ."

ನನ್ನವೂ ಮೆತ್ತಗಾಗಿದ್ದವು. ಸಾವಕಾರರ ಮನೆಯವೂ ಮೆತ್ತಗಾಗಿದ್ದವು. ಆಗ ಕಲಬುರಗಿಯಲ್ಲಿ ಬಿರುಬೇಸಿಗೆ; ಕಲ್ಲು ಬಿರಿಯುವ ಬಿಸಿಲು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅಷ್ಟರಲ್ಲಿ ಟಾಂಗಾ ಹೊಡೆಯುವವನೊಬ್ಬ ಬೀಡಿ ಸೇದುತ್ತ ಓಣಿಗೆ ಕಾಲಿಟ್ಟ. ಬೀಡಿಯ ತುದಿಯಲ್ಲಿ ಬೆಂಕಿ! ನಾವೆಲ್ಲ ಒಟ್ಟಿಗೆ ಅವನ ಕಡೆ ನುಗ್ಗಿದೆವು. ಕೈಯಲ್ಲಿ ಗಡಿಗೆಯ ಚೂರು ಹಿಡಿದ ಹೆಂಗಸರ ಹಿಂಡು ಮೈಮೇಲೆ ಬರುವುದನ್ನು ನೋಡಿದ್ದೇ, "ಯವ್ವಾ, ನಾ ಏನೂ ಮಾಡಿಲ್ರೀ!" ಎಂದು ಬೀಡಿಯನ್ನು ಗಟಾರಕ್ಕೆ ಎಸೆದು ಓಟ ಕಿತ್ತ.

ಮುಂದೆ ಆತ ನಮ್ಮ ಓಣಿಯಲ್ಲಿ ಬೀಡಿ ಹಚ್ಚುವುದನ್ನೇ ಬಿಟ್ಟ. ಒಟ್ಟಿನಲ್ಲಿ ಉಳಿತಾಯವಾದದ್ದು ಅವನಿಗೆ.

ಮೈತುಂಬ ಸಾಮಾನು

ನನ್ನ ತವರು ಕಮಲಾಪುರ. ಅಲ್ಲಿಗೆ ಆಗಷ್ಟೇ ಮೋಟಾರು ಓಡಲು ಸುರುವಾಗಿತ್ತು. ಮನುಷ್ಯರಿಗೊಂದು ಬಾಡಿಗೆ, ಬಟ್ಟೆಯ ಗಂಟಿಗೆ ಬೇರೆ ಬಾಡಿಗೆ. ಗಂಟಿಗೆ ಯಾಕೆ ಕೊಡಬೇಕು? ಒಂದು ಉಪಾಯ ಹೊಳೆಯಿತು. ಮಕ್ಕಳಿಗೆ ಅಂಗಿಯ ಮೇಲೆ ಅಂಗಿ, ಅದರ ಮೇಲೆ ಇನ್ನೊಂದು ಅಂಗಿ ತೊಡಿಸಿದೆ. ಮಗಳಿಗೆ ಇದ್ದಬದ್ದ ಲಂಗವೆಲ್ಲ ಒಂದರ ಮೇಲೊಂದು. ನಾನು ಎರಡು ಸೀರೆ ಉಟ್ಟೆ. ಮಗಳು ತೋಳು ಮಡಚಲಾಗದೆ ಸುತ್ತಿಟ್ಟ ಗಾದಿಯ ಹಾಗೆ ನಿಂತಿದ್ದಳು. ಅವಳನ್ನು ಮೋಟಾರಿಗೆ ಹತ್ತಿಸಲು ಇಬ್ಬರು ಬೇಕಾದರು.

ಮೋಟಾರಿನವನು ನಮ್ಮನ್ನು ಒಂದು ಸುತ್ತು ಹಾಕಿ ನೋಡಿದ. "ಅಕ್ಕಾರ, ಮಕ್ಕಳಿಗಿ ಏನು ತಿನಸ್ತೀರಿ?"

"ಎಲ್ಲಾರು ತಿನಸೂದೇ. ರೊಟ್ಟಿ, ಬ್ಯಾಳಿ."

"ಭಾಳ ಮೈಗಿ ಹತ್ಯಾದ ಬಿಡ್ರಿ. ಒಬ್ಬೊಬ್ರು ಇಬ್ಬಿಬ್ರ ಜಾಗ ಹಿಡದಾರ. ಅಷ್ಟೂ ಜಾಗದ ಬಾಡಿಗಿ ಕೊಡಬೇಕಾಗ್ತದ."

ಎಷ್ಟು ಜಗಳ ಮಾಡಿದರೂ ಕೇಳಲಿಲ್ಲ. ಇದು ಬರೀ ಬಟ್ಟೆ ಎಂದು ಹೇಳಿದರೆ ಗಂಟಿನ ಬಾಡಿಗೆ ಕೇಳುತ್ತಾನೆ. ಬಾಯಿ ಮುಚ್ಚಿಕೊಂಡು ಕೊಟ್ಟೆ.

ಊರು ದಾಟಿ ಬಿಸಿಲು ಏರಿತು. ಮಕ್ಕಳು ಬೆವರಿನಲ್ಲಿ ಬೆಂದುಹೋದವು. ಮಗ ಒಂದು ಅಂಗಿ ಬಿಚ್ಚಿದ. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು. ಮಗಳ ಲಂಗಗಳನ್ನು ನಾನೇ ಎಳೆದು ತೆಗೆದೆ. ಮೋಟಾರಿನವನು ಆಗಾಗ ಹಿಂದಿರುಗಿ ನೋಡುತ್ತಿದ್ದ. ನೋಡಿದಾಗಲೆಲ್ಲ ಮಕ್ಕಳು ಮೊದಲಿಗಿಂತ ಸಣ್ಣಗಾಗಿರುತ್ತಿದ್ದವು. ಅವನ ಮುಖ ಬಿಳಿಚಿಕೊಂಡಿತು.

ಕಮಲಾಪುರದಲ್ಲಿ ನಮ್ಮ ಅಣ್ಣ ಕಾಯುತ್ತಿದ್ದ. ನಾವು ಇಳಿಯುವ ಮೊದಲೇ ಮೋಟಾರಿನವನು ಅವನ ಮುಂದೆ ಕೈಮುಗಿದು ನಿಂತ. "ಗೌಡ್ರ, ಹತ್ತುವಾಗ ಮಕ್ಕಳು ಭಾಳ ದಪ್ಪ ಇದ್ವುರೀ. ಹಾದ್ಯಾಗ ಕರಗ್ಯಾವ. ನನ್ನ ಮೋಟಾರಿಂದು ಏನೂ ತಪ್ಪಿಲ್ರೀ!"

ಬಲಗಡೆಯ ಕಿಸೆ

ನಮ್ಮ ಮನೆಯವರ ಶೇರವಾನಿ ಹೊರಗಡೆಯಿಂದ ಬಣ್ಣಗೆಟ್ಟು ಕಂದಾಗಿತ್ತು. ಒಳಮಗ್ಗುಲು ಮಾತ್ರ ಇನ್ನೂ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮೋಮಿನಪುರದ ದರ್ಜಿಯೊಬ್ಬನಿಗೆ ಕೊಟ್ಟು, ಹೊಲಿಗೆ ಬಿಚ್ಚಿ ಒಳಗಿನದನ್ನು ಹೊರಗೆ ಮಾಡಿ ಹೊಲಿಯಲು ಹೇಳಿದೆ. ಹೊಸದರ ಖರ್ಚು ಉಳಿಯಿತೆಂದು ನನಗೆ ನೆಲ ಕಾಣುತ್ತಿರಲಿಲ್ಲ. ದರ್ಜಿ ಚೆಂದವಾಗಿಯೇ ಹೊಲಿದ. ಆದರೆ ಬಟ್ಟೆ ತಿರುವಿದ ಮೇಲೆ ಎಡಗಡೆ ಎದೆಯ ಮೇಲಿದ್ದ ಕಿಸೆ ಬಲಗಡೆಗೆ ಬಂದಿತ್ತು. ಅದನ್ನು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ.

ಗೂಟಕ್ಕೆ ನೇತುಹಾಕಿದ್ದ ಶೇರವಾನಿಯ ಕಿಸೆಗೆ ಇವರು ರಾತ್ರಿಯೇ ಹಾಕಿಟ್ಟಿದ್ದ ಚೀಟಿಯೊಂದನ್ನು ಕಚೇರಿಯಲ್ಲಿ ಸಾಹೇಬರು ಕೇಳಿದರಂತೆ. ಇವರ ಕೈ ರೂಢಿಯಂತೆ ಎಡಗಡೆ ಎದೆಗೆ ಹೋಯಿತು. ಕಿಸೆ ಇಲ್ಲ! ಮತ್ತೆ ತಡವಿದರು. ಎದೆಯ ಮೇಲೆಲ್ಲ ಕೈಯಾಡಿಸಿದರು. ಚೀಟಿ ಕಳೆಯಿತೆಂದು ಹಣೆಯಲ್ಲಿ ಬೆವರು.

"ಎದೆ ನೋಯ್ತದೇನು?" ಸಾಹೇಬರು ಗಾಬರಿಯಿಂದ ಎದ್ದು ನಿಂತರು.

"ಇಲ್ಲ ಹುಜೂರ್, ಇಲ್ಲೇ ಇತ್ತು, ಈಗ ಇಲ್ಲ."

"ಏನು ಇತ್ತು?"

ಇವರು ಮತ್ತೆ ಎಡಗಡೆ ಎದೆಯನ್ನೇ ಒತ್ತಿ ತೋರಿಸಿದರು. ಸಾಹೇಬರು ಜವಾನನನ್ನು ಕೂಗಿ ನೀರು ಕುಡಿಸಿ, ಇಬ್ಬರ ಹೆಗಲ ಮೇಲೆ ಕೈ ಹಾಕಿಸಿ, ಟಾಂಗಾದಲ್ಲಿ ಮಲಗಿಸಿ ಮನೆಗೆ ಕಳಿಸಿಬಿಟ್ಟರು. ಟಾಂಗಾದ ಬಾಡಿಗೆ ನಾನು ಕೊಡಬೇಕಾಯಿತು.

ಅತ್ತೆ ಬಾಗಿಲಲ್ಲೇ ಬೊಬ್ಬೆ ಹಾಕಿದರು. "ಏನಾಯ್ತೋ ನನ್ನಪ್ಪಾ! ಜೀವ ಹೆಂಗದೋ?"

ಟಾಂಗಾದಿಂದ ಇಳಿಯುತ್ತ ಇವರು ನನ್ನನ್ನೇ ದಿಟ್ಟಿಸಿ ನೋಡಿದರು. "ಜೀವ ಎಡಕ್ಕೇ ಅದವ್ವ. ಕಿಸೆ ಅಷ್ಟ ಬಲಕ್ಕ ಹೋಗ್ಯಾದ."

ಗೊನೆಯ ತಿರುಗಾಟ

ಕಮಲಾಪುರದ ಕೆಂಪು ಬಾಳೆಹಣ್ಣು ಬಲ್ಲವರಿಗೇ ಗೊತ್ತು. ಅಣ್ಣ ಒಮ್ಮೆ ತನ್ನ ತೋಟದ ಗೊನೆಯೊಂದನ್ನು ಹೊತ್ತು ತಂದು ಇಳಿಸಿಹೋದ. ಮಕ್ಕಳು ಬಾಯಲ್ಲಿ ನೀರೂರಿಸುತ್ತ ಸುತ್ತ ಕೂತವು. ನಾನು ಮುಟ್ಟಲು ಬಿಡಲಿಲ್ಲ. ಎರಡು ದಿನದಲ್ಲಿ ಬೀಬಿಯ ಮನೆಯಲ್ಲಿ ಈದ್. ಮಿಠಾಯಿಯ ಬದಲು ಗೊನೆ ಕೊಟ್ಟರೆ ಖರ್ಚೂ ಇಲ್ಲ, ಮರ್ಯಾದೆಯೂ ಉಳಿಯಿತು. ದೇಟಿಗೆ ಹಳೆಯ ಹಸಿರು ಸೀರೆಯ ಅಂಚು ಕಟ್ಟಿ ಕೊಟ್ಟುಬಂದೆ.

ಬೀಬಿ ನನ್ನಷ್ಟೇ ಜಾಣೆ. ಮೋಮಿನಪುರದ ಅದೇ ದರ್ಜಿ ಅವಳ ನೆಂಟ. ಅವನ ಮಗಳ ಮದುವೆಗೆ ಆ ಗೊನೆಯನ್ನೇ ಕೊಟ್ಟಳು. ಕಿಸೆಯ ಪ್ರಸಂಗದಿಂದ ನಮ್ಮ ಮನೆಯವರು ಸಿಟ್ಟಾಗಿದ್ದಾರೆಂದು ಕೇಳಿದ್ದ ದರ್ಜಿ, ಅವರನ್ನು ಸಮಾಧಾನ ಮಾಡಲು ಅದನ್ನು ಹೊತ್ತು ನಮ್ಮ ಮನೆಗೇ ಬಂದ.

ದೇಟಿನಲ್ಲಿ ನನ್ನ ಹಸಿರು ಅಂಚು ಹಾಗೆಯೇ ಇತ್ತು. ಹಣ್ಣು ಮಾತ್ರ ಕರ್ರಗಾಗಿ, ಮುಟ್ಟಿದರೆ ಬೆರಳು ಒಳಗೆ ಹೋಗುತ್ತಿತ್ತು. ನಾನು ತೆಗೆದು ಒಳಗಿಟ್ಟೆ. ಮರುದಿನ ಬೀಬಿ ಮಾತಿಗೆ ಬಂದು ಕೂತಿದ್ದಳು. ಆಗಲೇ ಅಣ್ಣ ಕಮಲಾಪುರದಿಂದ ಬಂದ. ಗೊನೆ ನೋಡಿ ಮೂಗು ಮುಚ್ಚಿಕೊಂಡ.

"ಯಾರು ಕೊಟ್ರವ್ವ ಇದು?"

"ಯಾರೋ ಕೊಟ್ರಣ್ಣ."

"ನಮ್ಮ ಊರಿನ ಹಣ್ಣಂತೂ ಅಲ್ಲ. ಇಂಥ ಗೊನಿ ಇನ್ನೊಬ್ರ ಮನಿಗಿ ಕೊಡಬೇಕಾದ್ರ ಅವ್ರು ಎಂಥ ಜಿಪುಣರು ಇರಬೇಕು ನೋಡು."

"ಹೌದ್ರಿ ಅಣ್ಣಾ, ಭಾಳ ಜಿಪುಣರು," ಎಂದು ಬೀಬಿ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ.

ಸೀರೆ ಕಂಡರೆ ಹಾಲು

ಹಾಲು ಕೊಂಡು ಕೊಂಡು ಸಾಕಾಗಿ, ಕಮಲಾಪುರದ ನನ್ನ ಸೋದರತ್ತೆಯಿಂದ ಒಂದು ಎಮ್ಮೆ ತಂದೆವು. ಮನೆಯ ಗಂಡಸರು ಮುಟ್ಟಿದರೆ ಒದೆಯುತ್ತದೆಂದು ಅವಳು ಅಗ್ಗಕ್ಕೆ ಕೊಟ್ಟಿದ್ದಳು. ನಾನು ಕೂತರೆ ಒದೆಯಲಿಲ್ಲ. ಸರಾಗವಾಗಿ ಸೊರೆ ಬಿಟ್ಟಿತು. ಗಂಡಸರು ಬಂದರೆ ಮಾತ್ರ ಕಾಲು ಎತ್ತುತ್ತಿತ್ತು. ಹುಟ್ಟಿದಾಗಿನಿಂದ ಅದು ಹಾಲು ಬಿಟ್ಟದ್ದು ಸೀರೆ ಉಟ್ಟವರಿಗೆ ಮಾತ್ರ.

ಅಣ್ಣನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ನಾನು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ. ಮನೆಯಲ್ಲಿ ಅತ್ತೆ ಮತ್ತು ಇವರು. ಅತ್ತೆಗೆ ಮೊಣಕಾಲು ಮಡಚಿ ಕೂರಲು ಆಗದು. ಇವರು ಕೂತರೆ ಚರಿಗೆ ಒಂದು ಕಡೆ, ಇವರು ಇನ್ನೊಂದು ಕಡೆ. ಎಮ್ಮೆಯ ಕೆಚ್ಚಲು ಬಿಗಿದು ಕಲ್ಲಾಯಿತು. ಹಾಲು ಕರೆಯದಿದ್ದರೆ ಎಮ್ಮೆಯೇ ಹೋಗುತ್ತದೆ.

ಅತ್ತೆಯೇ ದಾರಿ ತೋರಿಸಿದರು. "ನಿನ್ನ ಹೆಂಡ್ತಿ ಸೀರಿ ಉಟ್ಕೊಂಡು ಕೂಡು. ಎಮ್ಮಿಗೇನು ಗೊತ್ತಾಗ್ತದ?"

ಇವರು ಅಂಗಳದ ಬಾಗಿಲು ಮುಂದೆ ಮಾಡಿ, ನನ್ನ ಇಳಕಲ್ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಎಳೆದು ಕೂತರು. ಎಮ್ಮೆ ಮೂಸಿ ನೋಡಿ ಹಾಲು ಬಿಟ್ಟಿತು. ಚರಿಗೆ ಅರ್ಧ ತುಂಬಿತ್ತು. ಆಗ ಬಾಗಿಲು ತಳ್ಳಿಕೊಂಡು ಬಂದವರು ಯಾರು? ಕಚೇರಿಯ ಸಾಹೇಬರು!

ಸಂಜೆ ಕಚೇರಿ ಮುಚ್ಚಿದ ಮೇಲೆ ಹೈದರಾಬಾದಿನಿಂದ ಮೇಲಿನ ಅಧಿಕಾರಿಗಳು ಹೇಳದೆ ಕೇಳದೆ ಬಂದಿಳಿದಿದ್ದರಂತೆ. ಕಾಗದಪತ್ರದ ಅಲಮಾರಿಯ ಕೀಲಿಕೈ ಇವರ ಹತ್ತಿರ. ಕಳಿಸಲು ಜವಾನ ಸಿಗದೆ ಸಾಹೇಬರೇ ಟಾಂಗಾ ಹತ್ತಿ ಓಡಿಬಂದಿದ್ದರು. ಅಂಗಳದಲ್ಲಿ ಹೆಂಗಸು ಕಂಡಿದ್ದೇ ಆ ಸಭ್ಯ ಮನುಷ್ಯ ತಟ್ಟನೆ ಬೆನ್ನು ತಿರುಗಿಸಿ ನಿಂತರು.

"ಮಾಫ್ ಮಾಡ್ರಿ. ಅಹಲಕಾರರು ಅದಾರೇನು?"

ಅತ್ತೆ ಗೋಡೆ ಹಿಡಿದು ಎದ್ದು ಬಂದರು. "ಇಲ್ರೀ. ಗುಡಿಗಿ ಹೋಗ್ಯಾನ. ಇಕಿ ನನ್ನ ಸೊಸಿ. ಭಾಳ ನಾಚಿಗಿ ಅಕಿಗಿ."

"ಅಲಮಾರಿ ಕೀಲಿ ಬೇಕು ಅಮ್ಮಾ. ಇಲ್ಲಾಂದ್ರ ನನ್ನ ನೌಕರಿ ಹೋಗ್ತದ!"

ಇದನ್ನು ಕೇಳಿ ಇವರಿಗೆ ಜೀವ ತಡೆಯಲಿಲ್ಲ. ಸೀರೆಯೊಳಗೆ ಕೈ ಹಾಕಿ ಉಡಿದಾರದಿಂದ ಕೀಲಿ ಬಿಚ್ಚಿ, ಮೆಲ್ಲಗೆ ಹೋಗಿ, ಸಾಹೇಬರು ಹಿಂದಕ್ಕೆ ಚಾಚಿದ ಕೈಯಲ್ಲಿ ಇಟ್ಟರು. ಅರ್ಧಕ್ಕೇ ಎದ್ದುಹೋದ ಸೀರೆಯನ್ನು ಎಮ್ಮೆ ಬಿಡಬೇಕಲ್ಲ! ಕತ್ತು ಚಾಚಿ ಸೆರಗು ಕಚ್ಚಿ ಎಳೆಯಿತು. ಸೆರಗು ಜಾರಿತು. ಅದೇ ಗಳಿಗೆಗೆ ಸಾಹೇಬರು "ಶುಕ್ರಿಯಾ" ಎನ್ನಲು ಹಿಂದಿರುಗಿದರು.

"ತೋಬಾ! ತೋಬಾ!" ಎಂದು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಟಾಂಗಾಕ್ಕೆ ಓಡಿದರು.

ನೌಕರಿ ಹೋಯಿತು, ಊರೆಲ್ಲ ನಗುತ್ತದೆ ಎಂದುಕೊಂಡು ಇವರು ಊಟವನ್ನೂ ಮಾಡದೆ ಮರುದಿನ ಕಚೇರಿಗೆ ಹೋದರು. ಸಾಹೇಬರು ಒಳಗೆ ಕರೆದು ಬಾಗಿಲು ಮುಚ್ಚಿದರು.

"ನಿಮ್ಮ ಬೇಗಂ ನನ್ನ ಮಾನ ಉಳಿಸ್ಯಾರ," ಎಂದರು. ಆಮೇಲೆ ದನಿ ತಗ್ಗಿಸಿದರು. "ತಪ್ಪಿ ಅವರ ಮುಖ ನೋಡಿಬಿಟ್ಟೆ. ಮಾಫ್ ಮಾಡ್ರಿ. ಪಾಪ, ಆ ಮೀಸಿ... ಎಷ್ಟು ದಿನದಿಂದ ಅದ?"

ಇವರು ತಲೆ ತಗ್ಗಿಸಿ ನಿಂತರು. "ಹುಜೂರ್, ಲಗ್ನಕ್ಕಿಂತ ಮೊದಲಿಂದ ಅದ."

"ಆದ್ರೂ ಲಗ್ನ ಆದ್ರಿ!" ಸಾಹೇಬರ ಕಣ್ಣಲ್ಲಿ ನೀರು ಬಂತು. ಎದ್ದು ಇವರನ್ನು ತಬ್ಬಿಕೊಂಡರು. "ನಿಮ್ಮಂಥ ದೊಡ್ಡ ಮನಸ್ಸಿನವರನ್ನ ನಾ ನೋಡಿಲ್ಲ."

ಆಮೇಲೆ ಮೇಜಿನ ಕೆಳಗಿನಿಂದ ಒಂದು ಡಬ್ಬಿ ತೆಗೆದು ಕೊಟ್ಟರು. ಮೋಮಿನಪುರದ ಹಕೀಮರು ಮಾಡಿದ ಲೇಪ. ಹಚ್ಚಿದರೆ ಕೂದಲು ಬೇರು ಸಮೇತ ಉದುರುತ್ತದಂತೆ, ಮತ್ತೆ ಬರುವುದಿಲ್ಲವಂತೆ.

ನಾನು ತವರಿನಿಂದ ಬಂದಾಗ ಅತ್ತೆ ಇದನ್ನೆಲ್ಲ ಹೇಳಿ, ನಕ್ಕು, ಮೊಣಕಾಲು ನೋವು ಬರಿಸಿಕೊಂಡು ಆ ಡಬ್ಬಿಯನ್ನು ನನ್ನ ಕೈಗಿಟ್ಟರು.

"ಇದರಿಂದ ನಮಗೇನು ಉಪಯೋಗ, ಚೆಲ್ಲಿಬಿಡ್ಲೇನ್ರಿ?" ಎಂದೆ.

"ಚೆಲ್ಲಬ್ಯಾಡ," ಎಂದರು ಅತ್ತೆ. "ಬಿಟ್ಟಿ ಬಂದದ್ದು ಅದ." ಆಮೇಲೆ ತಲೆ ಎತ್ತಿ, ಯೋಚನೆ ಮಾಡುತ್ತ ಮಗನ ಮುಖವನ್ನೇ ನೋಡತೊಡಗಿದರು.

ನಮ್ಮ ಮನೆಯವರು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು ಓಣಿಗೆ ಓಡಿದರು.