ಶನಿವಾರದ ಸೀಮೆಎಣ್ಣೆ ಕಾಫಿ

ಆಪತ್ತಿಗೆಂದು ಇಟ್ಟುಕೊಂಡದ್ದು ಆಪತ್ತಿನಲ್ಲೇ ಕೈಕೊಡುತ್ತದೆ ಎಂಬ ಪಾಠವನ್ನು ಕೊಡೆ, ಟಾರ್ಚು ಮತ್ತು ನೆಂಟರಿಂದ ಎಲ್ಲರೂ ಕಲಿತಿರುತ್ತಾರೆ. ನಾನು ಕಲಿಯಲಿಲ್ಲ. ಸಾಲದ್ದಕ್ಕೆ ಕಲಿತವಳನ್ನು ಗೇಲಿ ಮಾಡಿದೆ. ನನ್ನ ಹೆಂಡತಿ ಸರಸ, ಫರೀದಾಬಾದಿನ ಮನೆಯಲ್ಲಿ ಎರಡೆರಡು ಗ್ಯಾಸ್ ಸಿಲಿಂಡರ್ ಇದ್ದರೂ ಊರಿಂದ ತಂದ ಬತ್ತಿ ಸ್ಟೌವನ್ನು ಬಿಟ್ಟಿರಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಅದನ್ನು ಹಚ್ಚಿ, ಅದರ ಮೇಲೆಯೇ ಕಾಫಿ ಮಾಡುತ್ತಿದ್ದಳು. "ಇದೇನೇ, ಕಾಫಿಯೋ ಸೀಮೆಎಣ್ಣೆ ಕಷಾಯವೋ?" ಎಂದು ನಾನು ಮೂಗು ಮುರಿದರೆ, "ಸುಮ್ನೆ ಕುಡೀರಿ. ಹಚ್ಚದೆ ಇಟ್ಟಿದ್ದು ಹೊತ್ತಿಗೆ ಉರಿಯೋಲ್ಲ" ಎನ್ನುತ್ತಿದ್ದಳು. ನಾನು ಇಂಜಿನಿಯರು. ಇಂಥ ಅಡುಗೆಮನೆ ವೇದಾಂತಕ್ಕೆಲ್ಲ ಸೊಪ್ಪು ಹಾಕುವವನಲ್ಲ.

ನಾನಾಗ ಗಾಜಿನ ಸೀಸೆ ಮಾಡುವ ಕಾರ್ಖಾನೆಯೊಂದರಲ್ಲಿ ಇಂಧನದ ಉಸ್ತುವಾರಿ. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಭಟ್ಟಿ ಎಣ್ಣೆ ಬಿಟ್ಟು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಒಗ್ಗಿಕೊಂಡಿತ್ತು. ಗಾಜಿನ ಭಟ್ಟಿಯೆಂದರೆ ಬೇಕೆಂದಾಗ ಆರಿಸಿ ಹಚ್ಚುವ ಒಲೆಯಲ್ಲ. ಒಮ್ಮೆ ತಣ್ಣಗಾದರೆ ಒಳಗಿನ ಗಾಜು ಬಂಡೆಯಾಗುತ್ತದೆ, ಭಟ್ಟಿಯನ್ನೇ ಒಡೆಯಬೇಕಾಗುತ್ತದೆ. ಹಾಗಾಗಿ ಕೊಳವೆಯ ಅನಿಲ ನಿಂತರೆ ಇರಲಿ ಎಂದು ಹಿಂದುಗಡೆ ಎಲ್‌ಪಿಜಿ ಟ್ಯಾಂಕು ಕೂರಿಸಿದ್ದೆವು. ಅದರ ದ್ರವವನ್ನು ಬಿಸಿನೀರಿನ ತೊಟ್ಟಿಯಲ್ಲಿ ಹಾಯಿಸಿ ಆವಿ ಮಾಡಿ, ಗಟ್ಟಿ ಮೊಸರಿಗೆ ನೀರು ಬೆರೆಸಿ ಮಜ್ಜಿಗೆ ಮಾಡುವ ಹಾಗೆ ಗಾಳಿ ಬೆರೆಸಿದರೆ ಭಟ್ಟಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ತೊಟ್ಟಿಯ ನೀರು ಕಾಯಿಸಲು ಒಂದು ಪುಟ್ಟ ಬರ್ನರು; ಅದು ಉರಿಯದಿದ್ದರೆ ಉಳಿದದ್ದೆಲ್ಲ ದಂಡ. ಆಯುಧಪೂಜೆಯ ದಿನ ಎಲ್ಲವನ್ನೂ ತೊಳೆಸಿ, ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿಸಿ, ಮಣೆಯ ಮೇಲೆ ಸಾಲಾಗಿ ಜೋಡಿಸಿ, ನಾನೇ ಮಂತ್ರ ಹೇಳಿ ಗಂಧ ಕುಂಕುಮ ಇಡುತ್ತಿದ್ದೆ. 'ರಾವ್ ಸಾಬ್ ಕೀ ಪೂಜಾ' ಎಂದು ಲಡ್ಡು ತಿನ್ನಲು ಇಡೀ ಕಾರ್ಖಾನೆ ನೆರೆಯುತ್ತಿತ್ತು. ಆಮೇಲೆ ಒಮ್ಮೆ ಹಚ್ಚಿ ನೋಡೋಣವೆಂದು ಮಾತ್ರ ಯಾರಿಗೂ ಅನ್ನಿಸುತ್ತಿರಲಿಲ್ಲ.

ಆ ವರ್ಷ ದಸರೆ ಕಳೆದು ಚಳಿ ಹಿಡಿದಿತ್ತು. ಒಂದು ಗುರುವಾರ ಅನಿಲ ಕಂಪನಿಯ ಪತ್ರ ಬಂತು: ದುರಸ್ತಿ ಇದೆ, ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅನಿಲವಿಲ್ಲ. ಮಾಲೀಕರಾದ ಲಾಲಾಜಿ ಆ ಚಳಿಯಲ್ಲೂ ಬೆವರಿದರು. "ನಾನಿದ್ದೇನಲ್ಲ! ಭಟ್ಟಿ ಆರಿದರೆ ಸೋಮವಾರ ನನ್ನ ರಾಜೀನಾಮೆ ತಗೊಳ್ಳಿ" ಎಂದು ಎದೆ ತಟ್ಟಿಕೊಂಡೆ. ಛೆ ಛೆ, ಹಾಗೆಲ್ಲ ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಪುಣ್ಯಾತ್ಮರು "ಅಚ್ಛಾ, ಚಲೋ" ಎಂದು ಒಪ್ಪಿಕೊಂಡೇ ಬಿಟ್ಟರು.

ಕೂಡಲೇ ಹೋಗಿ ಬರ್ನರು ಹಚ್ಚಿಸಿದೆ. ಭಗ್ಗೆಂದು ಹತ್ತಿತು, ನಾನು "ಶಹಭಾಸ್" ಎನ್ನುವಷ್ಟರಲ್ಲಿ ಆರಿತು. ಇನ್ನೊಮ್ಮೆ ಹಚ್ಚಿದರೆ ಇನ್ನೊಮ್ಮೆ ಆರಿತು. ಪೂಜೆಯ ನಂತರ ಅದನ್ನು ಜೋಡಿಸಿದವರು ಫೋರ್‌ಮನ್ ತ್ಯಾಗಿ. ನನಗಿಂತ ಹಿರಿಯರು, ಮಿತಭಾಷಿ. ಅವರ ಮೇಲೆ ಎಗರಾಡಿದೆ. "ಸಾಬ್, ಜೋಡಿಸಿದ್ದು ಸರಿಯಾಗಿಯೇ ಇದೆ, ಆದರೆ..." ಎಂದರು. "ಆದರೆ ಗೀದರೆ ಬೇಡ, ತಪ್ಪಾಯಿತೆಂದು ಬರೆದುಕೊಡಿ" ಎಂದೆ. ಪಾಪ, ಬರೆದುಕೊಟ್ಟರು. ನಾನೂ ಹಟ ಬಿಡಲಿಲ್ಲ. ಶುಕ್ರವಾರವೆಲ್ಲ ನಳಿಕೆ ಬದಲಿಸಿದೆ, ತಂತಿ ಬದಲಿಸಿದೆ, ಸಾಲದೆಂದು ಗಣಪತಿಗೆ ಹರಕೆಯನ್ನೂ ಹೊತ್ತೆ. ಬರ್ನರು ಜಪ್ಪಯ್ಯ ಅನ್ನಲಿಲ್ಲ. ಶನಿವಾರ ಬೆಳಿಗ್ಗೆ ಸರಸನ ಸ್ಟೌವು ಒಂದೇ ಕಡ್ಡಿಗೆ ಹತ್ತಿಕೊಂಡದ್ದು ನೋಡಿ ನನ್ನ ಹೊಟ್ಟೆಯೂ ಹತ್ತಿಕೊಂಡಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟೆ.

ಮೊದಲ ತಿರುಪಿನಿಂದ ಎಲ್ಲವನ್ನೂ ಬಿಚ್ಚುತ್ತೇನೆ, ಏನಾದರಾಗಲಿ ಎಂದು ನಾನೇ ಸ್ಪ್ಯಾನರು ಹಿಡಿದು ಕೂತೆ. ಬರ್ನರಿನೊಳಗೆ ಜ್ವಾಲೆಯನ್ನು ಕಾಯುವ ಒಂದು ಕಣ್ಣಿರುತ್ತದೆ, ನಾಲ್ಕಾಣೆಯಷ್ಟಗಲದ ಗಾಜು. ಅದಕ್ಕೆ ಬೆಂಕಿ ಕಾಣದಿದ್ದರೆ, ಆರಿಹೋಗಿದೆಯೆಂದು ತಿಳಿದು ಅನಿಲ ನಿಲ್ಲಿಸಿಬಿಡುತ್ತದೆ. ಆ ಕಣ್ಣನ್ನು ಹೊರಗೆಳೆದೆ. ಗಾಜಿನ ತುಂಬ ಒಣಗಿ ಗಟ್ಟಿಯಾದ ಗಂಧ, ನಟ್ಟ ನಡುವೆ ದುಂಡಗಿನ ಕುಂಕುಮ! ಉಂಗುರಬೆರಳಿನ ಗುರುತು ಸಮೇತ. ಆ ಬೆರಳು ಯಾರದೆಂದು ಪತ್ತೇದಾರರನ್ನು ಕರೆಸಬೇಕಿರಲಿಲ್ಲ.

ತ್ಯಾಗಿ ನೋಡಿದರು. "ಇಟ್ಟಿದ್ದನ್ನು ಒರೆಸಲು ಧೈರ್ಯ ಬರಲಿಲ್ಲ ಸಾಬ್. ಆ ದಿನವೇ ಕೇಳೋಣವೆಂದರೆ ನೀವು ಮಂತ್ರ ಹೇಳುತ್ತಿದ್ದಿರಿ. ಗುರುವಾರ ಕೇಳೋಣವೆಂದರೆ ಬೈಯುತ್ತಿದ್ದಿರಿ" ಎಂದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರ ತಪ್ಪೊಪ್ಪಿಗೆಯನ್ನು ಜೇಬಿನಿಂದ ತೆಗೆದು ಅವರೆದುರೇ ಹರಿದೆ, ಕೈಮುಗಿದು ಕ್ಷಮೆ ಕೇಳಿದೆ. ಅವರು ಕರವಸ್ತ್ರದಿಂದ ಗಾಜು ಒರೆಸಿ ಕೂರಿಸಿದರು. ಬರ್ನರು ಹತ್ತಿತು, ಮತ್ತೆ ಆರಲಿಲ್ಲ. ಭಾನುವಾರ ಸಂಜೆಯವರೆಗೆ ಇಬ್ಬರೂ ಅದರ ಪಕ್ಕದಲ್ಲೇ ಕೂತು ಕಡಲೆಕಾಯಿ ತಿಂದೆವು. ಭಟ್ಟಿ ಉಳಿಯಿತು, ನನ್ನ ಕೆಲಸವೂ ಉಳಿಯಿತು. ಏನು ಕೆಟ್ಟಿತ್ತೆಂದು ಲಾಲಾಜಿ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ತ್ಯಾಗಿ "ಕುಛ್ ನಹೀಂ, ಥೋಡೀ ಧೂಲ್ ಥೀ" ಎಂದು ತಪ್ಪನ್ನೆಲ್ಲ ಧೂಳಿನ ಮೇಲೆ ಹಾಕಿದರು. ಆ ಮನುಷ್ಯನ ಋಣ ನಾನು ತೀರಿಸಲಾರೆ.

ಮನೆಯಲ್ಲಿ ಸರಸನಿಗೆ ಮಾತ್ರ ನಿಜ ಹೇಳಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಾನೂ ಸ್ಟೌವಿಗೆ ಕುಂಕುಮ ಇಡ್ತೀನಿ ರೀ. ಆದ್ರೆ ಇಟ್ಟ ಮೇಲೆ ಹಚ್ತೀನಿ" ಎಂದಳು. ಅಲ್ಲಿಂದಾಚೆ ಪ್ರತಿ ಶನಿವಾರ ನಾನೂ ತ್ಯಾಗಿಯೂ ತಪ್ಪದೆ ಬರ್ನರು ಹಚ್ಚಿ ನೋಡತೊಡಗಿದೆವು. ಅದಕ್ಕೂ ಮೊದಲು ಮನೆಯಲ್ಲಿ ಕಾಫಿ. ಮುಂದಿನ ಶನಿವಾರ ಸೀಮೆಎಣ್ಣೆಯ ವಾಸನೆ ತುಸು ಜಾಸ್ತಿಯೇ ಇತ್ತು. ಸರಸ ಸೊಂಟದ ಮೇಲೆ ಕೈಯಿಟ್ಟು "ಹೇಗಿದೆ?" ಎಂದಳು. ಇನ್ನರ್ಧ ಲೋಟ ಹಾಕು ಎಂದೆ.